‘ತಕ್ಕದ್ದು’, ‘ಬೇಕು’, ‘ಬಹುದು’: ಇಂಟರ್ನೆಟ್ ಮಾನಕಗಳ ಕನ್ನಡದಲ್ಲಿ ಯಾವುದು ಎಲ್ಲಿ?

ಮಾನ್ಯರೇ,

ಇಂಟರ್ನೆಟ್ಟಿನ ತಾಂತ್ರಿಕ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಆರ್‌ಎಫ್‌ಸಿ ಎಂಬ, ಕ್ರಮಸಂಖ್ಯೆ ಹೊತ್ತ ದಾಖಲೆಗಳನ್ನು ಕನ್ನಡದಲ್ಲಿ ವಿವರಿಸುವಾಗ, ಕ್ರಿಯಾಪದದ ಕೊನೆಯಲ್ಲಿ ಎದುರಾಗುವ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ.

1997ರ ಮಾರ್ಚ್‌ನಲ್ಲಿ ಪ್ರಕಟವಾದ 2119ನೆಯ ಆರ್‌ಎಫ್‌ಸಿ, ಮಾನಕಗಳಲ್ಲಿ ಬರುವ ಇಂಗ್ಲಿಷಿನ ‘ಮಸ್ಟ್’, ‘ಶುಡ್’, ‘ಮೇ’ ಮುಂತಾದ ಪದಗಳ ಅರ್ಥವನ್ನು ಗೊತ್ತುಪಡಿಸಿತು. ಮೊದಲನೆಯದು ವಿನಾಯಿತಿಯಿಲ್ಲದ ಕಡ್ಡಾಯ. ಎರಡನೆಯದನ್ನು, ತಕ್ಕ ಕಾರಣವಿದ್ದು ಪರಿಣಾಮಗಳನ್ನೆಲ್ಲ ತೂಗಿ ನೋಡಿದ ಮೇಲೆ, ಕೈಬಿಡಲು ಅವಕಾಶವಿದೆ. ಮೂರನೆಯದು ಪೂರ್ತಿ ಐಚ್ಛಿಕ. ಎಚ್‌ಟಿಟಿಪಿ 1.1ರಲ್ಲಿ, ಅಂದರೆ ಬ್ರೌಸರೂ ತಾಣವನ್ನು ಒದಗಿಸುವ ಸರ್ವರೂ ವ್ಯವಹರಿಸುವ ನಿಯಮಾವಳಿಯಲ್ಲಿ, ಬ್ರೌಸರಿನ ಪ್ರತಿಯೊಂದು ಕೋರಿಕೆಯಲ್ಲೂ, ತಲುಪಬೇಕಾದ ತಾಣವನ್ನು ಹೆಸರಿಸುವ ‘ಹೋಸ್ಟ್’ ಸಾಲು ಇರುವುದು ‘ಮಸ್ಟ್’. ಅದಿಲ್ಲದ ಕೋರಿಕೆಗೆ ಸರ್ವರು 400 ಎಂಬ ದೋಷಸಂಖ್ಯೆಯನ್ನು ಕೊಡತಕ್ಕದ್ದು. ಬ್ರೌಸರು ತನ್ನ ಪರಿಚಯ ಹೇಳುವ ‘ಯೂಸರ್ ಏಜೆಂಟ್’ ಸಾಲಾದರೋ ಬರಿಯ ‘ಶುಡ್’. ಎರಡಕ್ಕೂ ‘ಕಳುಹಿಸಬೇಕು’ ಎಂದೇ ಬರೆದರೆ ತಂತ್ರಾಂಶ ಬರೆಯುವವರಿಗೆ ಈ ಅಂತರ ಕಾಣುವುದೇ ಇಲ್ಲ. ನಿಷೇಧದಲ್ಲಂತೂ ‘ಬೇಕು’, ‘ಬಹುದು’ ಎರಡಕ್ಕೂ ಎದುರಾಗಿ ಸಾಮಾನ್ಯವಾಗಿ ‘ಬಾರದು’ ಎಂಬುದೇ ಬರುತ್ತದೆ. ‘ಸರ್ವರು ಉತ್ತರಿಸದೆ ಇರಬಹುದು’ ಎಂದರೆ ಅದು ಅನುಮತಿಯೋ ಊಹೆಯೋ ತಿಳಿಯದು.

‘ಮಸ್ಟ್’ಗೆ ನಮ್ಮ ಕಾಯ್ದೆಗಳ ಕನ್ನಡದಲ್ಲಿ ನೆಲೆಯೂರಿರುವ ‘ತಕ್ಕದ್ದು’, ಅದರ ನಿಷೇಧಕ್ಕೆ ‘ತಕ್ಕದ್ದಲ್ಲ’ ಸಲ್ಲುತ್ತವೆಂದು ನನ್ನ ಅಭಿಪ್ರಾಯ. ಕಾಯ್ದೆಗಳಲ್ಲಿ ಅದು ‘ಶಲ್’ಗೆ ಸಂವಾದಿಯಾಗಿದೆ, 2119ನೆಯ ಆರ್‌ಎಫ್‌ಸಿಯೂ ‘ಶಲ್’ ಮತ್ತು ‘ಮಸ್ಟ್’ಗಳನ್ನು ಒಂದೇ ಎಂದು ಎಣಿಸುತ್ತದೆ. ಸರ್ಕಾರದ ಅಧಿಕಾರವಾಣಿ ಇಲ್ಲಿ ಹೊಂದದೆಂಬ ಆಕ್ಷೇಪ ಬರಬಹುದು. 1986ರಲ್ಲಿ ಆರಂಭವಾದ ಐಇಟಿಎಫ್‌ನಲ್ಲಿ ವಿಧಿವತ್ತಾದ ಸದಸ್ಯತ್ವವಿಲ್ಲ, ನಿರ್ಣಯಗಳು ಮತ ಎಣಿಸದೆ ಸ್ಥೂಲ ಸಹಮತದಿಂದ ಆಗುತ್ತವೆ, ಮಾನಕವನ್ನು ಪಾಲಿಸದವರನ್ನು ದಂಡಿಸುವ ಅಧಿಕಾರವೂ ಅದಕ್ಕಿಲ್ಲ. ಆದರೂ ಪಾಲಿಸದ ಯಂತ್ರ ಉಳಿದ ಯಂತ್ರಗಳೊಡನೆ ವ್ಯವಹರಿಸಲಾರದೆ ಹೊರಗುಳಿಯುವುದರಿಂದ, ಆ ಪದದ ಬಿಗಿ ಇಲ್ಲಿ ಅಗತ್ಯವೇ ಆಗಿದೆ.

ನನಗೆ ಬಗೆಹರಿಯದಿರುವುದು ‘ಶುಡ್’. ‘ಕಳುಹಿಸುವುದು ಸೂಕ್ತ’ ಎಂದರೆ ಸ್ನೇಹಿತರ ಸಲಹೆಯಂತೆ ಕೇಳಿಸುತ್ತದೆ. ಬಿಡುವವರೇ ಕಾರಣ ಹೊರಬೇಕೆಂಬ ಭಾರ ಅದರಲ್ಲಿಲ್ಲ. ‘ಸಕಾರಣವಿಲ್ಲದೆ ಬಿಡತಕ್ಕದ್ದಲ್ಲ’ ಎಂಬುದು ನಿಖರವಾದರೂ ಪ್ರತಿ ಸಾಲಿನಲ್ಲೂ ಬಳಸಲಾಗದಷ್ಟು ಉದ್ದ. ಇದರ ಮೇಲೆ, ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದಾಗ (ಕ್ಯಾಪಿಟಲ್) ಮಾತ್ರ ಈ ಪದಗಳಿಗೆ ವಿಶೇಷಾರ್ಥವೆಂದು 2017ರ 8174ನೆಯ ಆರ್‌ಎಫ್‌ಸಿ ಸ್ಪಷ್ಟಪಡಿಸಿದೆ, ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ. ದಪ್ಪಕ್ಷರವೋ ಸರಳ ಪಠ್ಯಕ್ಕೆ ನಕಲಿಸಿದೊಡನೆ ಅಳಿಸಿಹೋಗುತ್ತದೆ. ಹಾಗಾಗಿ ಸಾಮಾನ್ಯ ಬರಹದಲ್ಲಿ ಅಷ್ಟಾಗಿ ಬಾರದ, ತಾನಾಗಿಯೇ ಎದ್ದು ಕಾಣುವ ರೂಪವೇ ಬೇಕು.

ಕಾನೂನು ಅನುವಾದದಲ್ಲಿ ಪಳಗಿದವರು, ಕಡ್ಡಾಯಕ್ಕೂ ಐಚ್ಛಿಕಕ್ಕೂ ನಡುವಿನ ಈ ಮಟ್ಟಕ್ಕೆ ರೂಢಿಯಲ್ಲಿರುವ ಕ್ರಿಯಾರೂಪ ಯಾವುದಾದರೂ ಇದ್ದರೆ, ಬಳಕೆಯ ವಾಕ್ಯದೊಂದಿಗೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.