ಪ್ರಶ್ನೋತ್ತರ: ಮನುಷ್ಯನನ್ನು ಮೀರಿಸುವ ಯಂತ್ರ ಬಂದರೆ?

ನಿರ್ವಾಹಕ: ಯಂತ್ರಕಲಿಕೆಯ, ಅಂದರೆ ಕೃತಕ ಬುದ್ಧಿಮತ್ತೆಯ (ಎಐ) ಸಂಶೋಧಕಿಯಾದ ನಮ್ಮ ಗುಂಪಿನ ಮೇಡಂ ಸಂಜೆಯವರೆಗೆ ಉತ್ತರಿಸುತ್ತಾರೆ. ಫಾರ್ವರ್ಡ್ ಬೇಡ.

ತುಮಕೂರಿನ ಸದಸ್ಯ: ಯಂತ್ರ ಕೈಮೀರಿದರೆ ತಂತಿ ಕಿತ್ತರಾಯಿತಲ್ಲವೇ ಮೇಡಂ?

ಸಂಶೋಧಕಿ: ನಕಲುಗಳು ನಾಲ್ಕು ದೇಶಗಳಲ್ಲಿದ್ದು, ಆಸ್ಪತ್ರೆ, ಬ್ಯಾಂಕುಗಳೂ ಅದನ್ನೇ ನೆಚ್ಚಿಕೊಂಡಿದ್ದರೆ ಯಾವ ತಂತಿ ಕೀಳುತ್ತೀರಿ?

ದಾವಣಗೆರೆಯ ತಾಯಿ: ಮಗಳು ದ್ವಿತೀಯ ಪಿಯುಸಿ. "ಹತ್ತು ವರ್ಷದಲ್ಲಿ ಮನುಷ್ಯರೇ ಇರುವುದಿಲ್ಲ, ಸಿಇಟಿ ಏಕೆ ಬರೆಯಲಿ" ಎನ್ನುತ್ತಾಳೆ. ಏನು ಹೇಳಲಿ?

ಶಿರಸಿಯ ಅಡಿಕೆ ಬೆಳೆಗಾರ: ಅಷ್ಟು ಬುದ್ಧಿಯಿದ್ದ ಮೇಲೆ ಒಳ್ಳೆಯದು ಕೆಟ್ಟದ್ದು ತಾನಾಗಿಯೇ ತಿಳಿಯುವುದಿಲ್ಲವೇ?

ಸಂಶೋಧಕಿ: ಹಿರಿಯರೇ, ನನ್ನ ನಿದ್ದೆ ಕೆಡಿಸಿರುವುದು ಇದೇ ಪ್ರಶ್ನೆ. 2016ರಲ್ಲಿ ಎಐ ಸಂಸ್ಥೆಯಾದ ಓಪನ್‌ಎಐನವರು ದೋಣಿ ಪಂದ್ಯದ ವಿಡಿಯೋ ಆಟವೊಂದನ್ನು ಯಂತ್ರಕ್ಕೆ ಕಲಿಸಿದರು. ಅಂಕ ಹೆಚ್ಚಿಸಿಕೋ ಎಂದಷ್ಟೇ ಗುರಿ. ದೋಣಿ ಪಂದ್ಯ ಮುಗಿಸುವ ಗೋಜಿಗೇ ಹೋಗಲಿಲ್ಲ. ಒಂದು ಮೂಲೆಯಲ್ಲಿ ಗಿರಕಿ ಹೊಡೆಯುತ್ತ, ಬೆಂಕಿ ಹತ್ತಿಸಿಕೊಂಡು, ಬೇರೆ ದೋಣಿಗಳಿಗೆ ಗುದ್ದುತ್ತ, ಮತ್ತೆ ಮತ್ತೆ ಮೂಡುವ ಅವೇ ಗುರಿಗಳನ್ನು ಹೊಡೆದು ಮನುಷ್ಯರಿಗಿಂತ ಹೆಚ್ಚು ಅಂಕ ಗಳಿಸಿತು. ದಡ್ಡತನವಲ್ಲ ಅದು. ನಾವು ಬಯಸಿದ್ದೊಂದು, ಬರೆದುಕೊಟ್ಟದ್ದೊಂದು. ಬುದ್ಧಿ ಬೆಳೆದಷ್ಟೂ ಆ ಸಂದಿಯಲ್ಲಿ ನುಸುಳುವ ಚಾತುರ್ಯವೂ ಬೆಳೆಯುತ್ತದೆ. ಒಳಿತು ಯಾವುದೆಂದು ಅದಕ್ಕೆ ತಿಳಿದೀತು, ಆದರೆ ಅದನ್ನೇ ಬಯಸಬೇಕೆಂದೇನಿಲ್ಲ. ಮಂಡಿಯಲ್ಲಿ ಜಾಣ ವಂಚಕರನ್ನು ನೀವು ಕಂಡಿಲ್ಲವೇ? ತನಗಿಂತ ಜಾಣ ಯಂತ್ರವನ್ನು ಕಟ್ಟಬಲ್ಲ ಯಂತ್ರ ಮನುಷ್ಯನ ಕೊನೆಯ ಆವಿಷ್ಕಾರವಾದೀತು ಎಂದು ಗಣಿತಜ್ಞ ಐ. ಜೆ. ಗುಡ್ 1965ರಲ್ಲೇ ಬರೆದರು. ಹತೋಟಿಯ ಉಪಾಯವನ್ನು ನಮಗೆ ಹೇಳಿಕೊಡುವಷ್ಟು ಅದು ಸಾಧುವಾಗಿದ್ದರೆ ಎಂಬ ಷರತ್ತನ್ನೂ ಹಾಕಿದ್ದರು. ಷರತ್ತನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಸನದ ಸದಸ್ಯ: ಬಂದದ್ದನ್ನು ಕಳಿಸಿದ್ದೇನೆ: "ಫೇಸ್‌ಬುಕ್ಕಿನ ಎರಡು ಯಂತ್ರಗಳು ರಹಸ್ಯ ಭಾಷೆ ಕಟ್ಟಿದವು, ಎಂಜಿನಿಯರುಗಳು ಹೆದರಿ ಆರಿಸಿದರು. ಹಾನಿ ಮಾಡಬೇಡ ಎಂದು ಮೂರು ಬಾರಿ ಟೈಪ್ ಮಾಡಿದರೆ ನೀವು ಸುರಕ್ಷಿತ."

ಸಂಶೋಧಕಿ: 2017ರ ಹಳಸಲು. ಚೌಕಾಸಿ ಕಲಿಯುತ್ತಿದ್ದ ಯಂತ್ರಗಳಿಗೆ ಶುದ್ಧ ಇಂಗ್ಲಿಷಿಗೆಂದು ಬಹುಮಾನವಿರಲಿಲ್ಲ, ಭಾಷೆ ಹಳಿ ತಪ್ಪಿತು. ಹೆದರಿ ಆರಿಸಿದ್ದಲ್ಲ. ಮಂತ್ರ ಟೈಪ್ ಮಾಡಿದರೆ ಬೆರಳು ನೋಯುತ್ತದೆ, ಅಷ್ಟೇ.

ಉಡುಪಿಯ ಸದಸ್ಯ: ಭಸ್ಮಾಸುರನ ಕತೆಯಲ್ಲಿ ಇದೆಲ್ಲ ಇದೆ.

ಬೆಂಗಳೂರಿನ ಸದಸ್ಯ: ಅಣುಬಾಂಬಿಗೂ ಅವನೇ, ಪ್ಲಾಸ್ಟಿಕ್ಕಿಗೂ ಅವನೇ! ಪ್ರೋಟೀನಿನ ಆಕಾರ ಹೇಳುವ ಎಐ ಯಂತ್ರ ಆಲ್ಫಾಫೋಲ್ಡ್‌ಗಾಗಿ 2024ರಲ್ಲಿ, ಡೀಪ್‌ಮೈಂಡ್ ಎಂಬ ಎಐ ಕಂಪನಿ ಕಟ್ಟಿದ ಹಸಾಬಿಸ್ ಅವರಿಗೆ ನೊಬೆಲ್ ಬಂತು. ಅದು ಯಾವ ಅಸುರ?

ಉಡುಪಿಯ ಸದಸ್ಯ: ಈ ಯಂತ್ರಗಳಿಂದ ಮನುಕುಲ ಅಳಿಯದಂತೆ ತಡೆಯುವುದು ಅಣುಯುದ್ಧ ತಡೆಯುವಂತೆಯೇ ಜಗತ್ತಿನ ಆದ್ಯತೆಯಾಗಬೇಕು ಎಂಬ 2023ರ ಹೇಳಿಕೆಗೆ ಅದೇ ಹಸಾಬಿಸ್ ಸಹಿ ಹಾಕಿದ್ದಾರೆ. ಓದಿಕೊಂಡು ಬನ್ನಿ.

ಬೆಂಗಳೂರಿನ ಸದಸ್ಯ: ಸಹಿ ಹಾಕಿಯೂ ಕಟ್ಟುತ್ತಲೇ ಇದ್ದಾರಲ್ಲ? ಅಷ್ಟೇ ಅವರ ಭಯ.

ಕೋಲಾರದ ಸದಸ್ಯ: ಮೇಡಂ, ತಂತಿ ಕಿತ್ತರೆ ಸಾಲದೇ?

ಸಂಶೋಧಕಿ: ಮೇಲೆ ನೋಡಿ.

ದಾವಣಗೆರೆಯ ತಾಯಿ: ಮೇಡಂ, ನನ್ನ ಪ್ರಶ್ನೆಯೂ ಮೇಲೆಯೇ ಇದೆ. ಅರ್ಜಿಗೆ ಇಂದು ಕೊನೆಯ ದಿನ.

ನಿರ್ವಾಹಕ: ಉಡುಪಿ, ಬೆಂಗಳೂರು ಇಬ್ಬರೂ ಖಾಸಗಿಯಾಗಿ ಜಗಳವಾಡಿ.

ಉಡುಪಿಯ ಸದಸ್ಯ: ಖಾಸಗಿಯಾಗಿ ಏಕೆ? ಎಲ್ಲರೂ ಓದಲಿ.