ಒಂದರೊಳಗೊಂದು ಕಚ್ಚಿಕೊಂಡ ಪಾತ್ರೆ ಬಿಡಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ನಿನ್ನೆ ರಾತ್ರಿ ಎರಡು ಸ್ಟೀಲ್ ಪಾತ್ರೆ ತೊಳೆದು, ಒದ್ದೆ ಇರುವಾಗಲೇ ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಒಳಗಿನದಕ್ಕೆ ಹಿಡಿಕೆ ಇಲ್ಲ, ಅದರ ಕಂಠ ಹೊರಗಿನದರ ಕಂಠಕ್ಕಿಂತ ಒಂದು ಬೆರಳು ಕೆಳಗೆ ಕೂತಿದೆ. ಚಾಕುವಿನ ತುದಿ ತೂರಿಸಿ ಮೀಟಿದೆ. ಚಾಕು ಬಾಗಿತು, ಪಾತ್ರೆಗೆ ಗೀರು ಬಿತ್ತು, ಅಷ್ಟೇ ಬಂದ ಭಾಗ್ಯ. ಜೊತೆಗೆ ಎರಡು ಗಾಜಿನ ಲೋಟಗಳೂ ಹೀಗೇ ಕಚ್ಚಿಕೊಂಡಿವೆ. ಒಡೆಯದೆ ಬಿಡಿಸಲು ಆಗುತ್ತದಾ? ಗೊತ್ತಿದ್ದವರು ಹೇಳಿ, ಪ್ಲೀಸ್.

*

ಮೊದಲು ಆ ಚಾಕು ಪಕ್ಕಕ್ಕಿಡಿ. ನಾನೂ ಹೀಗೇ ಮೀಟಲು ಹೋಗಿ ಹೆಬ್ಬೆರಳು ಕೊಯ್ದುಕೊಂಡವಳು. ಆಮೇಲೆ ಐದು ನಿಮಿಷ ಎಳೆಯುವುದನ್ನೂ ನಿಲ್ಲಿಸಿ. ಯಾಕೆ ಕಚ್ಚಿಕೊಂಡಿದೆ ಅಂತ ನೋಡದೆ ಎಳೆದರೆ ಸುಮ್ನೆ ಭುಜ ನೋವು.

ಪಾತ್ರೆ ಸಿಕ್ಕಿಕೊಳ್ಳುವುದಕ್ಕೆ ನನಗೆ ಕಂಡ ಕಾರಣ ಮೂರು. ಒಂದು, ಬೆಣೆ ಹೊಡೆದ ಹಾಗೆ ಬಿಗಿಯಾಗಿರುವುದು. ಪಾತ್ರೆಯ ಮೈ ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಒಳಗಿನದು ಇಳಿದಷ್ಟೂ ಬಿಗಿಯಾಗುತ್ತದೆ. ಬಿಸಿನೀರಲ್ಲಿ ತೊಳೆದ ದೊಡ್ಡ ಪಾತ್ರೆಗೆ ತಣ್ಣಗಿರುವ ಚಿಕ್ಕದನ್ನು ಹಾಕಿದರಂತೂ ಮುಗಿಯಿತು. ದೊಡ್ಡದು ತಣಿಯುತ್ತಾ ಕುಗ್ಗಿ ಒಳಗಿನದನ್ನು ಹಿಡಿದುಕೊಳ್ಳುತ್ತದೆ. ಎರಡು, ಗಾಳಿ. ಒದ್ದೆ ಇದ್ದರೆ ಸಂದಿಯಲ್ಲಿ ನೀರು ನಿಂತು ಗಾಳಿ ಹೋಗುವ ದಾರಿ ಮುಚ್ಚುತ್ತದೆ. ನೀವು ಎಳೆದ ತಕ್ಷಣ ತಳದಲ್ಲಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ವಾಪಸ್ ಒಳಗೆ ಅದುಮುತ್ತದೆ. ಮೂರು, ನಡುವೆ ಏನೋ ಅಂಟಿಕೊಂಡಿರುವುದು. ಜಿಡ್ಡು, ಸಕ್ಕರೆ ಪಾಕ, ಗಡಸು ನೀರಿನ ಬಿಳಿ ಕರೆ, ಏನು ಬೇಕಾದರೂ ಇರಬಹುದು.

ಪರೀಕ್ಷೆ ಸುಲಭ. ಒಳಗಿನ ಪಾತ್ರೆಯನ್ನು ತಿರುಗಿಸಿ ನೋಡಿ. ತಿರುಗುತ್ತದೆ ಆದರೆ ಮೇಲೆ ಬರುವುದಿಲ್ಲ ಅಂದರೆ ಗಾಳಿಯ ಕಾಟ. ತಿರುಗುವುದೂ ಇಲ್ಲ ಅಂದರೆ ಬೆಣೆ ಅಥವಾ ಅಂಟು. ಟಾರ್ಚ್ ಹಾಕಿ ಸಂದಿಯನ್ನು ಒಂದು ಸುತ್ತು ನೋಡಿಬಿಡಿ.

ಸ್ಟೀಲಿಗೆ ನಾನು ಮಾಡುವುದು ಹೀಗೆ. ಪಾತ್ರೆ ಓರೆ ಮಾಡಿ ಸಂದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಅಡುಗೆ ಎಣ್ಣೆ ಬಿಟ್ಟು, ಸುತ್ತಲೂ ಹರಿಯುವ ಹಾಗೆ ತಿರುಗಿಸಿ ಹತ್ತು ನಿಮಿಷ ಬಿಡುತ್ತೇನೆ. ಆಮೇಲೆ ಒಳಗಿನ ಪಾತ್ರೆಗೆ ಐಸ್ ಮತ್ತು ನೀರು ತುಂಬಿ ಐದು ನಿಮಿಷ. ಅಷ್ಟರಲ್ಲಿ ಸಿಂಕಿನಲ್ಲೋ ಅಗಲವಾದ ಟಬ್ಬಿನಲ್ಲೋ ಚೆನ್ನಾಗಿ ಬಿಸಿ ನೀರು ರೆಡಿ ಇರಬೇಕು. ಹೊರಗಿನ ಪಾತ್ರೆಯನ್ನು ಅದರಲ್ಲಿ ಇಳಿಸಿ, ಮೂವತ್ತು ಎಣಿಸುವಷ್ಟರಲ್ಲಿ ತಿರುಗಿಸುತ್ತಾ ಎತ್ತಬೇಕು. ಜಾಸ್ತಿ ಹೊತ್ತು ಬಿಟ್ಟರೆ ಬಿಸಿ ಒಳಗಿನದಕ್ಕೂ ದಾಟಿ ಎರಡೂ ಹಿಗ್ಗುತ್ತವೆ, ಮಾಡಿದ್ದೆಲ್ಲಾ ನೀರುಪಾಲು.

ಇದರಿಂದ ಎಷ್ಟು ಸಂದಿ ಸಿಗುತ್ತದೆ ಗೊತ್ತಾ? 20 ಸೆಂ.ಮೀ. ಅಗಲದ ಸ್ಟೀಲ್ ಪಾತ್ರೆ 60 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. ಎರಡು ಹಾಳೆ ದಪ್ಪ. ಕೇಳಿದರೆ ನಗು ಬರುತ್ತದೆ, ಆದರೆ ಬೆಣೆ ಸಡಿಲವಾಗಲು ಅಷ್ಟು ಸಾಕು.

ಒಳಗಿನದನ್ನು ಹಿಡಿಯಲು ಆಗದಿದ್ದರೆ ರಬ್ಬರ್ ಗ್ಲೌಸ್ ಹಾಕಿಕೊಂಡು ಒಳಮೈಗೆ ಅಂಗೈ ಒತ್ತಿ ತಿರುಗಿಸಿ. ಗೋಡೆಗೆ ಅಂಟಿಸುತ್ತಾರಲ್ಲ, ರಬ್ಬರ್ ಬಟ್ಟಲಿನ ಕೊಕ್ಕೆ, ಅದನ್ನು ಒಣಗಿದ ಒಳತಳಕ್ಕೆ ಒತ್ತಿದರೆ ಒಳ್ಳೆ ಹಿಡಿಕೆ ಆಗುತ್ತದೆ.

*

ಐಸ್ ವಿಷಯಕ್ಕೆ ಒಂದು ಮಾತು. ನಾನು ಎರಡು ಪಾತ್ರೆಯನ್ನೂ ಹಾಗೇ ಒಟ್ಟಿಗೆ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಏನೂ ಆಗಲಿಲ್ಲ. ಸಂದಿಯಲ್ಲಿದ್ದ ನೀರೂ ಗಡ್ಡೆ ಕಟ್ಟಿ ಇನ್ನೂ ಬಿಗಿಯಾಯಿತು. ಐಸಿನ ಉಪಾಯವೇ ಸುಳ್ಳು ಅಂತ ಆವತ್ತಿನಿಂದ ನಂಬಿದ್ದೆ.

*

ಸುಳ್ಳಲ್ಲ. ಎರಡೂ ಒಂದೇ ಲೋಹ ಆಗಿದ್ದರೆ ಎರಡನ್ನೂ ಸೇರಿಸಿ ತಣ್ಣಗೆ ಮಾಡಿದರೂ ಅಷ್ಟೇ, ಬಿಸಿ ಮಾಡಿದರೂ ಅಷ್ಟೇ. ಒಟ್ಟಿಗೇ ಕುಗ್ಗುತ್ತವೆ, ಒಟ್ಟಿಗೇ ಹಿಗ್ಗುತ್ತವೆ. ಲೋಹ ಬೇರೆ ಬೇರೆ ಆದರೆ ಮಾತ್ರ ಆಟ ಬದಲು. ಅಲ್ಯುಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಜಾಸ್ತಿ ಕುಗ್ಗುತ್ತದೆ. ಒಳಗೆ ಅಲ್ಯುಮಿನಿಯಂ, ಹೊರಗೆ ಸ್ಟೀಲ್ ಇದ್ದರೆ ಎರಡನ್ನೂ ಫ್ರೀಜರಿಗೆ ಹಾಕಿ. ಆದರೆ ಸಂದಿ ಒಣಗಿರಬೇಕು. ಹೊರಗೆ ಅಲ್ಯುಮಿನಿಯಂ ಇದ್ದರೆ ಎರಡನ್ನೂ ಬಿಸಿನೀರಲ್ಲಿ ಮುಳುಗಿಸಿ.

ಇನ್ನೊಂದು, ಯಾರೂ ಒಲೆಯ ಮೇಲೆ ಇಡಲು ಹೋಗಬೇಡಿ. ನಡುವೆ ಸಿಕ್ಕ ನೀರು ಆವಿಯಾದರೆ ಒಳಗಿನ ಪಾತ್ರೆ ಚಿಮ್ಮಿ ಮುಖಕ್ಕೆ ಬರಬಹುದು. ಬಿಸಿನೀರು ಸಾಕು.

*

ಗಾಜಿನ ಬಗ್ಗೆ ನಾನು ಹೇಳುತ್ತೇನೆ, ಒಡೆದುಕೊಂಡೇ ಕಲಿತವನು. ಒಳಗಿನ ಲೋಟಕ್ಕೆ ಐಸ್ ಹಾಕಿ ಹೊರಗಿನದನ್ನು ಕುದಿಯುವ ನೀರಲ್ಲಿಟ್ಟೆ. ಟಿಕ್ ಅಂತ ಸಣ್ಣ ಸದ್ದು, ಅಷ್ಟೇ. ಹೊರಗಿನ ಲೋಟದ ತಳ ಉಂಗುರದ ಹಾಗೆ ಕಳಚಿಕೊಂಡಿತು. ಸ್ಟೀಲಿಗೆ ಹೇಳಿದ ಲೆಕ್ಕ ಗಾಜಿಗೆ ಬೇಡ.

ಗಾಜಿಗೆ ಒಳಗೆ ನಲ್ಲಿಯ ತಣ್ಣೀರು, ಹೊರಗೆ ಕೈ ಇಡಬಹುದಾದಷ್ಟು ಬೆಚ್ಚನೆ ನೀರು ಸಾಕು. 7 ಸೆಂ.ಮೀ. ಅಗಲದ ಸಾಮಾನ್ಯ ಗಾಜಿನ ಲೋಟಕ್ಕೆ 30 ಡಿಗ್ರಿ ವ್ಯತ್ಯಾಸದಲ್ಲಿ ಸಿಗುವ ಸಂದಿ ಬರೀ 0.02 ಮಿ.ಮೀ. ಒಲೆಗೆ, ಓವನ್ನಿಗೆ ತಡೆಯುವ ಬೋರೋಸಿಲಿಕೇಟ್ ಗಾಜಾದರೆ ಅದರಲ್ಲೂ ಮೂರನೇ ಒಂದು ಪಾಲು. ಹಾಗಾಗಿ ಗಾಜಿಗೆ ನಿಜವಾಗಿ ಕೆಲಸ ಮಾಡುವುದು ಸೋಪು ಮತ್ತು ತಾಳ್ಮೆ. ಸಂದಿಗೆ ಲಿಕ್ವಿಡ್ ಬಿಟ್ಟು ಮಲಗಿಬಿಡಿ. ಬೆಳಿಗ್ಗೆ ದಪ್ಪ ಟವಲ್ ಸುತ್ತಿ, ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿ. ಎಳೆಯಬೇಡಿ. ಎಳೆದಾಗ ಕೈ ಜಾರಿ ಅಂಚು ಒಡೆದರೆ ಹೊಲಿಗೆ ಹಾಕಿಸಿಕೊಳ್ಳಬೇಕಾದೀತು. ಒಳಗೆ ನೀರು ತುಂಬಿ ಫ್ರೀಜರಿಗೆ ಇಡುವ ಯೋಚನೆಯೂ ಬೇಡ. ನೀರು ಗಡ್ಡೆಯಾಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಲೋಟ ತಡೆಯುವುದಿಲ್ಲ. ಗಾಜಿನಲ್ಲಿ ಮೊದಲೇ ಕೂದಲೆಳೆ ಬಿರುಕು ಕಂಡರೆ ಆಸೆ ಬಿಟ್ಟು ಕಾಗದದಲ್ಲಿ ಸುತ್ತಿ ಎಸೆಯಿರಿ.

*

ಪಾತ್ರೆ ಅಲ್ಲ, ನನಗೆ ಮುಚ್ಚಳದ ಕಥೆ. ಬಾಣಲೆಯೊಳಗೆ ಕೂರುವ ಗಾಜಿನ ಮುಚ್ಚಳ. ಒಲೆ ಆರಿಸಿ ಹಾಗೇ ಬಿಟ್ಟೆ. ಒಂದು ಗಂಟೆ ಬಿಟ್ಟು ಬಂದು ಎತ್ತಿದರೆ ಮುಚ್ಚಳದ ಜೊತೆ ಬಾಣಲೆಯೂ ಮೇಲೆದ್ದು ಬಂತು! ಒಳಗಿನ ಆವಿ ತಣಿದು ನೀರಾಗಿ ಒತ್ತಡ ಇಳಿದಿತ್ತು. 20 ಸೆಂ.ಮೀ. ಮುಚ್ಚಳದ ಮೇಲೆ ಒತ್ತಡದ ವ್ಯತ್ಯಾಸ ಹೊರಗಿನ ಗಾಳಿಯ ಒತ್ತಡದ ಹತ್ತನೇ ಒಂದು ಪಾಲು ಇದ್ದರೂ 30 ಕೆ.ಜಿ. ಮೇಲೆ ಕೂತ ಹಾಗೆ. ಎಳೆದು ಗೆಲ್ಲುವ ಮಾತೇ ಅಲ್ಲ. ಸಣ್ಣ ಉರಿಯಲ್ಲಿ ಮತ್ತೆ ಬೆಚ್ಚಗೆ ಮಾಡಿದೆ, ಎರಡು ನಿಮಿಷಕ್ಕೆ ತಾನೇ ಸಡಿಲ ಆಯಿತು. ಮೇಲಿನವರು ಒಲೆ ಬೇಡ ಅಂದಿದ್ದು ಪಾತ್ರೆಯೊಳಗೆ ಪಾತ್ರೆ ಇದ್ದಾಗ. ಇಲ್ಲಿ ಮುಚ್ಚಳ ಹಿಡಿದುಕೊಂಡಿದ್ದಕ್ಕೆ ಕಾರಣ, ಅದರ ಆವಿ ತೂತು ಜಿಡ್ಡಿನಿಂದ ಕಟ್ಟಿಕೊಂಡಿದ್ದು. ಈಗ ವಾರಕ್ಕೊಮ್ಮೆ ಸೂಜಿ ಹಾಕಿ ಬಿಡಿಸುತ್ತೇನೆ.

*

ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತ ಪಾತ್ರೆಯಾಗಿ, ಸಂದಿಯಲ್ಲಿ ಬಿಳಿ ಕರೆ ಕಂಡರೆ ಸೋಪು, ಐಸು ಎರಡೂ ದಂಡ. ಬೆಚ್ಚಗಿನ ವಿನೆಗರ್ ಬಿಟ್ಟು ಒಂದೆರಡು ಗಂಟೆ ಕಾಯಿರಿ. ಅಲ್ಯುಮಿನಿಯಮ್ಮಿಗೆ ಮಾತ್ರ ಅಷ್ಟು ಹೊತ್ತು ಬೇಡ, ಹುಳಿ ಅದರ ಮೈಯನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ಇಷ್ಟೆಲ್ಲ ಯಾಕೆ, ಹೊರಗಿನದನ್ನು ಎರಡು ಬದಿ ಅಮುಕಿದರೆ ಉಳಿದೆರಡು ಬದಿ ಬಾಯಿ ಬಿಡುತ್ತದೆ.

ತೆಳು ಸ್ಟೀಲಾದರೆ ಅಮುಕುವ ಬದಲು ತಟ್ಟಿ ಬಿಡಿಸಬಹುದು. ಪಾತ್ರೆ ಬೋರಲು ಹಿಡಿದು, ಕೆಳಗೆ ಮಡಚಿದ ಬಟ್ಟೆ ಹಾಕಿ, ಹೊರಗಿನದರ ಕಂಠಕ್ಕೆ ಮರದ ಸೌಟಿನಿಂದ ಸುತ್ತಲೂ ತಟ್ಟುತ್ತಾ ಬನ್ನಿ. ಒಂದೇ ಕಡೆ ಹೊಡೆದರೆ ನೆಗ್ಗುತ್ತದೆ, ಅದು ನನ್ನ ಮನೆಯ ದೊಡ್ಡ ಪಾತ್ರೆಯಲ್ಲಿ ಈಗಲೂ ಕಾಣುತ್ತದೆ.

*

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ. ಸ್ಟೀಲ್ ಪಾತ್ರೆ ತಿರುಗಲಿಲ್ಲ, ಹಾಗಾಗಿ ಬೆಣೆ ಅಂದುಕೊಂಡೆ. ಎಣ್ಣೆ ಬಿಟ್ಟು ಐಸ್, ಬಿಸಿನೀರು ಮಾಡಿದೆ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಒಂದು ಬದಿ ಮಾತ್ರ ಎದ್ದಿತು, ಇನ್ನೊಂದು ಬದಿ ಜಪ್ಪಯ್ಯ ಅನ್ನಲಿಲ್ಲ. ಆಗ ನೆನಪಾಗಿ ಟಾರ್ಚ್ ಹಾಕಿ ನೋಡಿದೆ. ಆ ಬದಿಯಲ್ಲಿ ಏನೋ ಮಿಂಚಿತು. ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಒಂದು ಸುರುಳಿ! ಚಪ್ಪಟೆಯಾಗಿ ಎರಡರ ನಡುವೆ ಸೇರಿಕೊಂಡಿತ್ತು. ಅದರ ಪಕ್ಕಕ್ಕೇ ಇನ್ನಷ್ಟು ಎಣ್ಣೆ ಬಿಟ್ಟು, ಎದ್ದ ಬದಿಯ ಕಡೆಗೆ ತಿರುಗಿಸಿದೆ. ಕರ್ರ್ ಅಂತ ಸದ್ದಾಗಿ ಬಂದೇಬಿಟ್ಟಿತು. ಚಾಕು ಹಾಕಿ ಮೀಟಿದ್ದು ಸರಿಯಾಗಿ ಅದರ ಎದುರು ಬದಿಗೆ.

ಲೋಟಗಳು ಸೋಪು ಕುಡಿದುಕೊಂಡು ಕಟ್ಟೆಯ ಮೇಲೆ ಕೂತಿವೆ. ನಾಳೆ ಬೆಳಿಗ್ಗೆವರೆಗೂ ಮುಟ್ಟುವುದಿಲ್ಲ.