ಭಾನುವಾರದ ಪ್ರಶ್ನೋತ್ತರ: ಸದ್ದು ಮಾಡದ ಕಂಪ್ಯೂಟರ್

ಅಡ್ಮಿನ್: ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡುವ ನಮ್ಮ ಸದಸ್ಯರು ಇವತ್ತು ಸಂಜೆ ಸಿಗುತ್ತಾರೆ. ಮಷೀನು ಜೋರಾಗಿ ಓಡಬೇಕು, ಸದ್ದು ಮಾಡಬಾರದು. ಒಬ್ಬರಿಗೆ ಒಂದೇ ಪ್ರಶ್ನೆ.

ಮುಲುಂಡ್: ನಮಸ್ಕಾರ ಸರ್. ರೈಜನ್ 7 7700ಎಕ್ಸ್ ಪ್ರೊಸೆಸರ್ ಹಾಕಿದ್ದೇನೆ. ವಿಡಿಯೊ ಎಡಿಟಿಂಗ್ ಶುರು ಮಾಡಿದರೆ 95 ಡಿಗ್ರಿ, ಫ್ಯಾನು ಫಾಸ್ಟ್ ಲೋಕಲ್ ಟ್ರೇನು ಹೋದ ಹಾಗೆ. ದ್ರವ ಹರಿಸಿ ತಣ್ಣಗಿಡುವ ಲಿಕ್ವಿಡ್ ಕೂಲರ್ ಬೇಕಾ?

ಅಸೆಂಬ್ಲರ್: ನಮಸ್ಕಾರ. ಆ ಚಿಪ್ಪನ್ನು 95ರವರೆಗೆ ಹೋಗುವ ಹಾಗೇ ಮಾಡಿದ್ದಾರೆ, ಗಾಬರಿ ಬೇಡ. ಬಯಾಸ್‌ನಲ್ಲಿ, ಅಂದರೆ ಮಷೀನು ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ, ಕರೆಂಟು ಉಳಿಸುವ ಇಕೋ ಮೋಡ್ 65 ವಾಟ್ ಇಡಿ. ವೇಗ ಸ್ವಲ್ಪ ಇಳಿಯುತ್ತದೆ, ಶಾಖ ಜಾಸ್ತಿ ಇಳಿಯುತ್ತದೆ. ಮುಂದೆ ಎರಡು, ಹಿಂದೆ ಒಂದು 140 ಎಂಎಂ ಫ್ಯಾನು ಹಾಕಿ. ದೊಡ್ಡ ಫ್ಯಾನು ನಿಧಾನ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಲಿಕ್ವಿಡ್ ಬೇಡ. ಅದರ ಪಂಪಿನದೇ ಬೇರೆ ಸದ್ದು.

ಕೋಥ್ರೂಡ್: ಸರ್, ಲಿಕ್ವಿಡ್ ಹಾಕಿದರೆ ಸದ್ದೇ ಇರಲ್ಲ ಅಲ್ವಾ?

ಅಸೆಂಬ್ಲರ್: ಮೇಲೆ ಓದಿ.

ವಾಶಿ: ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬಹುದಾ? ಕ್ರಿಪ್ಟೊ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ಓಡಿದ್ದೋ ಏನೋ ಹೇಗೆ ಗೊತ್ತಾಗುತ್ತದೆ?

ಡೊಂಬಿವಲಿ: ಅಣ್ಣಾ, ನನ್ನ ಮಷೀನು ಸದ್ದೇ ಮಾಡಲ್ಲ. ಸ್ಪೀಕರಿನಲ್ಲಿ ಮಾತ್ರ ಗುಂಯ್ ಅನ್ನುತ್ತಿತ್ತು. ಒಂದು ವಿಡಿಯೊ ನೋಡಿ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಿದೆ, ಅದೂ ನಿಂತಿತು. ಈಗ ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಮಳೆಗಾಲದ ತೇವಕ್ಕೆ ಹೀಗಾ?

ಅಸೆಂಬ್ಲರ್: ಮೊದಲು ಪ್ಲಗ್ ಕಿತ್ತಿಡಿ, ಆಮೇಲೆ ಇದನ್ನು ಓದಿ.

ತೇವ ಅಲ್ಲ. ನೀವು ಕತ್ತರಿಸಿದ ಮೂರನೇ ಪಿನ್ನೇ ಅರ್ಥಿಂಗಿನದು. ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬ, ಎಸ್‌ಎಂಪಿಎಸ್ ಒಳಗೆ ಫಿಲ್ಟರ್ ಕೆಪಾಸಿಟರುಗಳಿರುತ್ತವೆ. ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಎರಡೂ ಕ್ಯಾಬಿನೆಟ್ಟಿನ ಲೋಹದ ಬಾಡಿಗೆ ಸೇರುತ್ತವೆ. ಅರ್ಥಿಂಗ್ ಇದ್ದರೆ ಸೋರುವ ಚೂರು ಕರೆಂಟು ಆ ದಾರಿಯಲ್ಲಿ ಇಳಿದುಹೋಗುತ್ತದೆ. ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ಬಂದು ನಿಲ್ಲುತ್ತದೆ. ನೀವು ಮುಟ್ಟಿದರೆ ನಿಮ್ಮ ಮೈಯೇ ದಾರಿ. ಕರೆಂಟು ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅಂದು ಬಿಟ್ಟಿದೆ. ನನ್ನ ಭಯ ಅದಲ್ಲ. ನಾಳೆ ಒಳಗೆ ಫೇಸ್ ಬಾಡಿಗೆ ತಾಗಿದರೆ ಪೂರ್ತಿ 230 ಅಲ್ಲೇ ಕಾಯುತ್ತಾ ಕೂತಿರುತ್ತದೆ. ಫ್ಯೂಸೂ ಹಾರಲ್ಲ. ಮನೆಯಲ್ಲಿ ಮಕ್ಕಳಿದ್ದಾರಾ?

ಹೊಸ ಪವರ್ ಕಾರ್ಡ್ ತನ್ನಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಫೇಸಿಂದ ಅರ್ಥಿಗೆ 230ರ ಹತ್ತಿರ ಬರಬೇಕು, ನ್ಯೂಟ್ರಲ್‌ನಿಂದ ಅರ್ಥಿಗೆ ಒಂದೆರಡು ವೋಲ್ಟ್ ಅಷ್ಟೇ. 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು, ಇದೆಯಾ ಕೇಳಿ. ಇನ್ನು ಆ ಗುಂಯ್: ಸ್ಪೀಕರು, ಕಂಪ್ಯೂಟರು ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಹೋಗದಿದ್ದರೆ, ಎರಡರಲ್ಲೂ ಅದರ ಜಾಗ ಇದ್ದರೆ, ಧ್ವನಿಯನ್ನು ಬೆಳಕಿನಲ್ಲಿ ಸಾಗಿಸುವ ಆಪ್ಟಿಕಲ್ ಕೇಬಲ್ ಹಾಕಿ.

ಅಂಧೇರಿ: ಇಷ್ಟೆಲ್ಲ ಯಾಕೆ? ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಂದ ಅರ್ಥಿಗೆ ಒಂದು ತುಂಡು ವೈರು ಹಾಕಿದರೆ ಆಯ್ತು. ನಮ್ಮ ಚಾಳಿನ ವಠಾರದಲ್ಲಿ ಎಲ್ಲರೂ ಹಾಗೇ ಮಾಡಿದ್ದಾರೆ.

ಅಸೆಂಬ್ಲರ್: ಅದನ್ನು ಅಳಿಸಿ. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫೇಸು ಆ ತುಂಡಿನ ಮೂಲಕವೇ ಬಾಡಿಗೆ ಬರುತ್ತದೆ.

ಅಂಧೇರಿ: ಇಷ್ಟು ವರ್ಷದಲ್ಲಿ ಯಾರೂ ಸತ್ತಿಲ್ಲ.

ಕೋಥ್ರೂಡ್: ಸತ್ತವರು ಗ್ರೂಪಿಗೆ ಬಂದು ಬರೆಯುತ್ತಾರಾ ಮಾರಾಯ್ರೇ?

ಅಂಧೇರಿ: ಮೇಲಿನದನ್ನೇ ಓದಲು ಬಾರದವರು ನನಗೆ ಹೇಳುವುದು ಬೇಡ.

ಘಾಟ್‌ಕೋಪರ್: ಬಂದದ್ದನ್ನು ಕಳಿಸುತ್ತಿದ್ದೇನೆ: ‘ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್. ಸದ್ದಿಗೆ ಕ್ಯಾಬಿನೆಟ್ ಒಳಗೆ ಹಾಸಿಗೆಯ ಸ್ಪಂಜು. ಎಲ್ಲರಿಗೂ ಕಳಿಸಿ.’

ಅಸೆಂಬ್ಲರ್: ಟೂತ್‌ಪೇಸ್ಟ್ ಹಲ್ಲಿಗೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವುದು ಥರ್ಮಲ್ ಪೇಸ್ಟ್, ಇದು ಅಲ್ಲೇ ಒಣಗಿ ಸುಣ್ಣದ ಹಾಗೆ ಉದುರುತ್ತದೆ. ಸ್ಪಂಜು ಬೆಂಕಿ ಹಿಡಿಯುವ ವಸ್ತು. ಕಳಿಸುವ ಮೊದಲು ನಿಮ್ಮ ಮಷೀನಿಗೇ ಹಚ್ಚಿ ನೋಡಿ.

ಘಾಟ್‌ಕೋಪರ್: ಸುಮ್ನೆ ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಠಾಣೆ: ಸೈಡ್ ಡೋರ್ ತೆಗೆದಿಟ್ಟರೆ ತಣ್ಣಗಿರುತ್ತದೆ ಅಲ್ವಾ?

ಮುಲುಂಡ್: ಇರುತ್ತದೆ. ನಾನು ಹಾಗೇ ಇಟ್ಟಿದ್ದೇನೆ.

ಕೋಥ್ರೂಡ್: ಅದಕ್ಕೇ ನಿಮ್ಮದು ಲೋಕಲ್ ಟ್ರೇನು. ಫ್ಯಾನಿನ ಸದ್ದೆಲ್ಲ ನೇರ ಹೊರಗೆ.

ಠಾಣೆ: ನಾನು ಕೇಳಿದ್ದು ಅಸೆಂಬ್ಲರ್ ಅವರನ್ನು.

ವಾಶಿ: ನನ್ನ 3060?

ಅಸೆಂಬ್ಲರ್: ಡೊಂಬಿವಲಿಯವರೇ, ಪ್ಲಗ್ ಕಿತ್ತಿರಾ?

ಅಂಧೇರಿ: ಒಬ್ಬರಿಗೇ ಎಷ್ಟು ಹೊತ್ತು?

ಅಸೆಂಬ್ಲರ್: ಡೊಂಬಿವಲಿ?

ಡೊಂಬಿವಲಿ: ಕಿತ್ತೆ ಅಣ್ಣಾ. ಫೋನಿನಿಂದ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿ ನೋಡಿದರು. ಮೂರನೇ ತೂತಿಗೆ ವೈರೇ ಬಂದಿಲ್ಲವಂತೆ.